ವೃತ್ತದೊಳಗೆ ನಿಂತವರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ವಿಕ್ಕಾ ಪಂಥದವರು, ಅಂದರೆ ದೇವಿಯನ್ನೂ ದೇವನನ್ನೂ ಪೂಜಿಸುವ ಆಧುನಿಕ ಮಾಟಗಾತಿ ಧರ್ಮದವರು, ಗುಂಪಾಗಿ ಸೇರಿದಾಗ ನಿಜಕ್ಕೂ ಏನು ಮಾಡುತ್ತಾರೆ ಎಂದು ಕೇಳಿದ್ದೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕದೆ ಇರುವವನಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬಳಗದ ಉಳಿದವರೂ ಇದನ್ನೇ ಕೇಳುತ್ತಿರುವುದರಿಂದ ಎಲ್ಲರಿಗೂ ಕಾಣುವಂತೆ ಇಲ್ಲಿಯೇ ಹಾಕುತ್ತಿದ್ದೇನೆ. ಮಾಟಮಂತ್ರದ ಕಥೆಯನ್ನು ನಿರೀಕ್ಷಿಸಿ ಬಂದವರಿಗೆ ಇದರಲ್ಲಿ ಹೆಚ್ಚೇನೂ ಸಿಗಲಾರದು.

ನಾನಿರುವ ಇಂಗ್ಲೆಂಡಿನ ವಾಟ್‌ಫರ್ಡ್‌ನಿಂದ ಸೇಂಟ್ ಆಲ್ಬನ್ಸ್‌ಗೆ ಹೋಗುವ ಚಿಕ್ಕ ರೈಲುಮಾರ್ಗದಲ್ಲಿ ಬ್ರಿಕೆಟ್ ವುಡ್ ಎಂಬ ಹಳ್ಳಿಯೊಂದಿದೆ. ಈ ಪಂಥದ ಇಂದಿನ ಆಚರಣೆಗಳು ರೂಪುಗೊಂಡದ್ದರಲ್ಲಿ ಆ ಹಳ್ಳಿಯ ಪಾಲು ದೊಡ್ಡದು. ಮಲಯಾದಲ್ಲಿ (ಇಂದಿನ ಮಲೇಷ್ಯಾ) ಸುಂಕದ ಅಧಿಕಾರಿಯಾಗಿದ್ದು ನಿವೃತ್ತರಾಗಿ ಬಂದ ಜೆರಾಲ್ಡ್ ಗಾರ್ಡ್ನರ್ ಅಲ್ಲಿ ಗುಂಪು ಕಟ್ಟಿದರು. ಮಾಟದ ಶಕ್ತಿಯಿದೆ ಎಂದು ಹೇಳಿಕೊಳ್ಳುವುದನ್ನೇ ಅಪರಾಧವಾಗಿಸಿದ್ದ 1735ರ ಮಾಟಗಾತಿ ಕಾಯಿದೆ 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಪುಸ್ತಕವನ್ನೂ ಬರೆದು ತಮ್ಮ ಧರ್ಮದ ವಿಚಾರವನ್ನು ಲೋಕದ ಮುಂದಿಟ್ಟರು. ತಮಗೆ ಸಿಕ್ಕಿದ್ದು ಕ್ರೈಸ್ತಪೂರ್ವ ಕಾಲದಿಂದ ಗುಟ್ಟಾಗಿ ಉಳಿದುಬಂದ ಧರ್ಮ ಎಂಬುದು ಅವರ ವಾದವಾಗಿತ್ತು; ರೊನಾಲ್ಡ್ ಹಟನ್ ಅವರಂತಹ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. 1953ರಲ್ಲಿ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟೆ ಎಂಬ ಮಹಿಳೆ ಗಾರ್ಡ್ನರ್ ಬಳಿಯಿದ್ದ ಪಠ್ಯಗಳನ್ನು ಓದಿ, ಎಲ್ಲಿಂದಲೋ ಎರವಲು ತಂದ ಭಾಗಗಳನ್ನು ಗುರುತಿಸಿ, ಹಲವನ್ನು ತಮ್ಮ ಮಾತುಗಳಲ್ಲಿ ಹೊಸದಾಗಿ ಬರೆದರು. ಅವರು ಹಾಗೆ ಬರೆದವುಗಳಲ್ಲಿ ಒಂದಾದ, ದೇವಿಯೇ ಭಕ್ತರೊಡನೆ ಮಾತನಾಡುವಂತಿರುವ ಗದ್ಯವನ್ನು ಇಂದಿಗೂ ಅನೇಕ ಗುಂಪುಗಳು ಪಠಿಸುತ್ತವೆ. ಅಂದರೆ ಈ ಆಚರಣೆಯ ಬಹುಭಾಗಕ್ಕೆ ನಮ್ಮ ತಂದೆತಾಯಂದಿರಿಗಿಂತ ಹೆಚ್ಚು ವಯಸ್ಸಾಗಿಲ್ಲ.

ದೀಕ್ಷೆ ಪಡೆದವರ ಗುಂಪನ್ನು ಕವೆನ್ ಎನ್ನುತ್ತಾರೆ. ರೂಢಿಯ ಪ್ರಕಾರ ಅದರಲ್ಲಿ 13ಕ್ಕಿಂತ ಹೆಚ್ಚು ಜನರಿರುವುದಿಲ್ಲ. ಹೊರಗಿನವರಿಗೆ ಪ್ರವೇಶವೂ ಇಲ್ಲ. ದೀಕ್ಷೆಯಲ್ಲಿ ಮೂರು ಹಂತಗಳಿವೆ, ಸೇರಬಯಸುವವರು ಮೊದಲ ಹಂತಕ್ಕೆ ಒಂದು ವರ್ಷ ಮತ್ತು ಒಂದು ದಿನ ಕಾಯಬೇಕೆಂಬ ಪದ್ಧತಿ ಅನೇಕ ಕಡೆ ಇದೆ. ಗಾರ್ಡ್ನರ್ ಪರಂಪರೆಯ ಕವೆನ್‌ಗಳು ಬಟ್ಟೆ ತೊಡದೆ ಆಚರಿಸುತ್ತವೆ. ನೀನು ಕೇಳಲು ಹಿಂಜರಿದದ್ದು ಇದನ್ನೇ ಎಂದು ನನ್ನ ಊಹೆ. ನಾನು ಹೋಗಿದ್ದು ಅಂತಹ ಮುಚ್ಚಿದ ಕೂಟಕ್ಕಲ್ಲ. ವರ್ಷಕ್ಕೆ ಎಂಟು ಋತುಹಬ್ಬಗಳಿವೆ, ಅವುಗಳಲ್ಲಿ ಕೆಲವನ್ನು ಆಸಕ್ತರೆಲ್ಲರಿಗೂ ತೆರೆದು ಆಚರಿಸುವ ಗುಂಪುಗಳಿವೆ. ನನ್ನನ್ನು ಸಹೋದ್ಯೋಗಿಯೊಬ್ಬರು ಅಕ್ಟೋಬರ್ 31ರ ಸಾವಿನ್ (Samhain) ಹಬ್ಬಕ್ಕೆ, ಸತ್ತವರನ್ನು ಸ್ಮರಿಸುವ ಆ ರಾತ್ರಿಗೆ, ಕರೆದುಕೊಂಡು ಹೋದರು.

ಕಾಡಿನಂಚಿನ ಒಂದು ಬಯಲು, ಒದ್ದೆ ಎಲೆಗಳ ಮೇಲೆ ಉದ್ದ ನಿಲುವಂಗಿಗಳು, ಅವುಗಳ ಕೆಳಗೆ ಎಲ್ಲರ ಕಾಲಿನಲ್ಲೂ ಕೆಸರು ಮೆತ್ತಿದ ಬೂಟುಗಳು. ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಪ್ರಧಾನ ಅರ್ಚಕಿ. ಆರಂಭಿಸುವ ಮೊದಲೇ ಅವರು ಸ್ಪಷ್ಟವಾಗಿ ಹೇಳಿದರು: ನೋಡಲಷ್ಟೇ ಬಂದವರು ಆ ಮರದ ಬಳಿ ನಿಲ್ಲಬಹುದು, ಬೇಸರವಿಲ್ಲ, ವೃತ್ತದೊಳಗೆ ಬಂದವರು ಮಾತ್ರ ಎಲ್ಲವನ್ನೂ ಮಾಡಬೇಕು. ನಾನು ಒಳಗೆ ಹೋದೆ.

ಮೊದಲು ಪೊರಕೆಯಿಂದ ಜಾಗವನ್ನು ಗುಡಿಸಿದರು. ಒಂದು ಬಟ್ಟಲಿನ ನೀರನ್ನೂ ಇನ್ನೊಂದರ ಉಪ್ಪನ್ನೂ ಶುದ್ಧೀಕರಿಸಿ, ಉಪ್ಪನ್ನು ನೀರಿಗೆ ಬೆರೆಸಿ ಸುತ್ತಲೂ ಚಿಮುಕಿಸಿದರು. ಹಿಂದೆಯೇ ಧೂಪ ಹಿಡಿದವನೊಬ್ಬ ನಡೆದ. ಅರ್ಚಕಿಯು ಅಥಾಮೆ ಎಂಬ ಕಪ್ಪು ಹಿಡಿಯ ಚೂರಿಯನ್ನು ಚಾಚಿ, ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುತ್ತಾ ಗಾಳಿಯಲ್ಲಿ ವೃತ್ತವನ್ನು ಬರೆದರು. ಆ ಚೂರಿಯಿಂದ ಏನನ್ನೂ ಕೊಯ್ಯುವುದಿಲ್ಲ, ಅದು ಗೆರೆ ಎಳೆಯಲಷ್ಟೇ. ಬಳಿಕ ನಾಲ್ವರು ನಾಲ್ಕು ದಿಕ್ಕುಗಳಿಗೆ ಮುಖಮಾಡಿ ಪೂರ್ವದ ಗಾಳಿಯನ್ನು, ದಕ್ಷಿಣದ ಬೆಂಕಿಯನ್ನು, ಪಶ್ಚಿಮದ ನೀರನ್ನು, ಉತ್ತರದ ಭೂಮಿಯನ್ನು ಕರೆದರು. ನಿಮ್ಮ ಮನೆಯ ಪಾರಾಯಣದ ಮೊದಲು ಬರುವ ದಿಗ್ಬಂಧ, ಮುಗಿದಾಗಿನ ದಿಗ್ವಿಮೋಕ ನನಗೆ ತಾನಾಗಿ ನೆನಪಾದವು, ಏಕೆಂದರೆ ಇಲ್ಲಿಯೂ ಕೊನೆಯಲ್ಲಿ ದಿಕ್ಕುಗಳಿಗೆ ಒಂದೊಂದಾಗಿ ವಂದಿಸಿ, ಕಟ್ಟಿದ್ದನ್ನು ಬಿಚ್ಚುತ್ತಾರೆ. ಮಗುವೊಂದು ಅಳತೊಡಗಿ ತಾಯಿ ಹೊರಗೆ ಹೋಗಬೇಕಾದಾಗ ಅರ್ಚಕಿ ಬಂದು, ಚೂರಿಯಿಂದ ಗಾಳಿಯಲ್ಲಿ ಬಾಗಿಲೊಂದನ್ನು ಕೊರೆದು, ಅವರಿಬ್ಬರನ್ನು ದಾಟಿಸಿ ಮತ್ತೆ ಮುಚ್ಚಿದರು. ಕಣ್ಣಿಗೆ ಕಾಣದ ಗೋಡೆಯನ್ನು ಅಷ್ಟು ಗಂಭೀರವಾಗಿ, ಅಷ್ಟು ಮೃದುವಾಗಿ ನಡೆಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೇವಿಯನ್ನೂ ಕೊಂಬಿನ ದೇವನನ್ನೂ ಆಹ್ವಾನಿಸಿದ ಮೇಲೆ ಕೈ ಕೈ ಹಿಡಿದು ಸುತ್ತುವುದು. ಡೋಲು ನಿಧಾನವಾಗಿ ಆರಂಭವಾಗಿ ವೇಗ ಪಡೆಯುತ್ತದೆ, ಒಂದೇ ಸಾಲಿನ ಹಾಡು ಮತ್ತೆ ಮತ್ತೆ ಬರುತ್ತದೆ. ಹೀಗೆ ಒಟ್ಟಾಗಿ ಎಬ್ಬಿಸಿದ ಶಕ್ತಿ ಶಂಕುವಿನಂತೆ ಮೇಲೇರುತ್ತದೆ, ಅದನ್ನು ಸಂಕಲ್ಪಿಸಿದ ಕಡೆಗೆ ಕಳಿಸಬಹುದು ಎಂಬುದು ಅವರ ನಂಬಿಕೆ. ನಿನ್ನ ಕೊಳಲು ಮೇಷ್ಟ್ರು ಅಲ್ಲಿದ್ದಿದ್ದರೆ ಮೂರನೇ ಆವರ್ತಕ್ಕೇ ಎದ್ದು ಹೋಗುತ್ತಿದ್ದರು. ಡೋಲು ತಟ್ಟನೆ ನಿಂತಾಗ ಎಲ್ಲರೂ ಅಂಗೈಗಳನ್ನು ನೆಲಕ್ಕೆ ಊರಿ ಉಳಿದ ಬಿಸಿಯನ್ನು ಮಣ್ಣಿಗೆ ಬಿಟ್ಟರು. ನನ್ನ ಅಂಗೈಗೆ ಅಂಟಿದ ಎಲೆಯನ್ನು ಪಕ್ಕದ ಮುದುಕ ತಾನೇ ತೆಗೆದುಹಾಕಿದ.

ಇದಾದ ಮೇಲೆ ಅರ್ಚಕಿ ಒಂದು ಸೇಬನ್ನು ಅಡ್ಡಲಾಗಿ ಕೊಯ್ದು ಎತ್ತಿ ಹಿಡಿದರು. ನಾವು ಯಾವಾಗಲೂ ತೊಟ್ಟಿನಿಂದ ಕೆಳಕ್ಕೆ ಕೊಯ್ಯುತ್ತೇವಲ್ಲ, ಅಡ್ಡಲಾಗಿ ಕೊಯ್ದರೆ ಬೀಜಗಳ ಸುತ್ತ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಅದೇ ಅವರ ಚಿಹ್ನೆ. ಅದು ಕೈಯಿಂದ ಕೈಗೆ ದಾಟುತ್ತಾ ಬಂತು. ಸೇಬು ಕೈಗೆ ಬಂದವರು ತಮ್ಮವರಲ್ಲಿ ತೀರಿಕೊಂಡವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಒಬ್ಬ ತನ್ನ ನಾಯಿಯ ಹೆಸರನ್ನು ಹೇಳಿದ, ಯಾರೂ ನಗಲಿಲ್ಲ. ನನ್ನ ಸರದಿ ಬಂದಾಗ ನಾನು ಅಮ್ಮನ ಹೆಸರನ್ನು ಹೇಳಿದೆ.

ಇಲ್ಲಿಂದ ಮುಂದೆ ಬರೆಯುವುದು ಸುಲಭವಲ್ಲ. ಅಮ್ಮ ಹೋದಂದಿನಿಂದ ಪ್ರತಿ ತಿಥಿಯಲ್ಲೂ ಅಣ್ಣನೇ ಪುರೋಹಿತರು ಹೇಳಿಕೊಟ್ಟಂತೆ ಗೋತ್ರ ಸಹಿತ ಅವಳ ಹೆಸರನ್ನು ಉಚ್ಚರಿಸಿ ಪಿಂಡವಿಟ್ಟಿದ್ದಾನೆ. ನಾನು ಊರಿನಲ್ಲಿದ್ದ ವರ್ಷಗಳಲ್ಲಿ ಮಡಿಯುಟ್ಟು ವಡೆ ಕರಿದಿದ್ದೇನೆ, ಎಳ್ಳುಂಡೆ ಕಟ್ಟಿದ್ದೇನೆ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ. ಅವಳ ಕೊನೆಯ ತಿಂಗಳುಗಳಲ್ಲಿ ಅವಳನ್ನು ಎತ್ತಿ ಕೂರಿಸಿ, ತಲೆ ಬಾಚಿ, ಗಂಜಿ ಕುಡಿಸಿದವಳು ನಾನು. ಆದರೂ ಕರ್ಮದ ನಡುವೆ ಅವಳ ಹೆಸರು ನನ್ನ ನಾಲಿಗೆಯ ಮೇಲೆ ಬಂದದ್ದು ಪರದೇಶದ ಕಾಡೊಂದರಲ್ಲಿ, ನನಗೆ ನಂಬಿಕೆಯೇ ಇಲ್ಲದ ದೇವತೆಗಳ ಎದುರಿಗೆ. ಹೆಸರು ಹೇಳಿ ಮುಗಿಸಿದಾಗ ಸುತ್ತಲಿದ್ದವರು ಅದನ್ನು ತಪ್ಪುತಪ್ಪಾಗಿಯೇ ಆದರೂ ಒಟ್ಟಾಗಿ ಮರುನುಡಿದರು. ಆಗ ನನಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಅದು ಇನ್ನೂ ಪೂರ್ತಿ ಇಳಿದಿಲ್ಲ. ಅಣ್ಣನ ಮೇಲಿನ ಸಿಟ್ಟಲ್ಲ. ಅವನು ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡಿದ್ದಾನೆ. ಹತ್ತಿರದವಳಾಗಿಯೂ ಒಳಗೆ ಕರೆಸಿಕೊಳ್ಳದೆ ಇದ್ದದ್ದರ ಸಿಟ್ಟು.

ಹಾಗೆಂದು ಹೆಣ್ಣಿಗೆ ಎಲ್ಲವೂ ಈ ಪಂಥದಲ್ಲಿ ಸರಿಯಾಗಿಯೇ ಇತ್ತೆಂದು ತಿಳಿಯಬೇಡ. 1957ರಲ್ಲಿ ಗಾರ್ಡ್ನರ್ ಪುರಾತನವೆಂದು ಹೇಳಿ ಒಂದಷ್ಟು ನಿಯಮಗಳನ್ನು ಮುಂದಿಟ್ಟರು. ವಯಸ್ಸಾದ ಅರ್ಚಕಿ ಕಿರಿಯಳಿಗೆ ಸಂತೋಷದಿಂದ ಸ್ಥಾನ ಬಿಟ್ಟುಕೊಡಬೇಕು ಎಂಬುದೂ ಅವುಗಳಲ್ಲಿತ್ತು. ವ್ಯಾಲಿಯೆಂಟೆ ಅದನ್ನು ಒಪ್ಪದೆ ಗುಂಪಿನಿಂದ ಹೊರನಡೆದರು. ಅವರು ಹೊರನಡೆದದ್ದು ನನಗೆ ಅವರು ಬರೆದ ಗದ್ಯಕ್ಕಿಂತಲೂ ಪ್ರಿಯವಾಗಿದೆ, ಮತ್ತು ಅಂದು ಎಪ್ಪತ್ತು ದಾಟಿದ ಆ ಅರ್ಚಕಿ ಚೂರಿ ಹಿಡಿದು ನಿಂತದ್ದನ್ನು ಕಂಡು ನನಗೆ ಸಂತೋಷವಾದದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ನಿನ್ನ ಅಕ್ಕ ಇದನ್ನು ಓದಿ ನನಗೆ ಫೋನ್ ಮಾಡುತ್ತಾರೆಂದೂ ಗೊತ್ತು. ಅಕ್ಕಾ, ನಾನು ಚೆನ್ನಾಗಿದ್ದೇನೆ, ಮತಾಂತರವಾಗಿಲ್ಲ, ಊಟ ಸರಿಯಾಗಿ ಮಾಡುತ್ತಿದ್ದೇನೆ. ಆಚರಣೆಯ ಕೊನೆಗೆ ಕೇಕು ಮತ್ತು ಮದ್ಯವನ್ನು ಹಂಚಿದರು, ಕುಡಿಯದವರಿಗೆ ಸೇಬಿನ ರಸವಿತ್ತು; ಓಟ್ಸ್‌ನ ಆ ಕೇಕು ನಿಮ್ಮ ಗೋಧಿ ಹಲ್ವದ ಹತ್ತಿರಕ್ಕೂ ಬರುವುದಿಲ್ಲ.

ಗೆಳೆಯಾ, ನಿನ್ನಿಂದ ಒಂದು ಕೆಲಸವಾಗಬೇಕು. ನಿನ್ನ ತಂದೆಯವರನ್ನು ಕೇಳು: ಮುಂದಿನ ತಿಥಿಗೆ ನಾನು ಬಂದು, ಅಣ್ಣನ ಪಕ್ಕದಲ್ಲಿ ಕುಳಿತು, ಅಮ್ಮನ ಹೆಸರನ್ನು ನನ್ನ ಬಾಯಲ್ಲೇ ಹೇಳಬಹುದೇ? ಶಾಸ್ತ್ರ ಬಲ್ಲವರು, ನನ್ನನ್ನು ಚಿಕ್ಕಂದಿನಿಂದ ಕಂಡವರು, ವಿಚಾರ ಮಾಡಿ ಹೇಳಲಿ. ಅವರು ಸಂಜೆಯ ಕಾಫಿ ಮುಗಿಸಿದ ಮೇಲೆ ಕೇಳು, ಮೊದಲೇ ಬೇಡ. ಗದರಿದರೆ ಸಕಲೇಶಪುರದ ಕೊಡೆಯನ್ನು ನೆನಪಿಸು, ಆಮೇಲೆ ಅವರು ಏನನ್ನೂ ಇಲ್ಲವೆನ್ನಲಾರರು.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಗೆಳತಿ