ಬಾವುಟದ ಫೋಟೊ ಸಾಕು, ಬೆಟ್ಟದ ತಿರುವಿಗೆ ಬನ್ನಿ

ಮಾನ್ಯ ಸಂಪಾದಕರೇ,

ನಂದಿ ಬೆಟ್ಟದ ಕಡೆ ಸೈಕಲ್ ಸ್ಪರ್ಧೆ ನಡೆದ ಮರುದಿನ ಪತ್ರಿಕೆಗಳಲ್ಲಿ ಕಾಣುವುದು ಹೆಚ್ಚಾಗಿ ಒಂದೇ ಚಿತ್ರ: ಬಾವುಟ ಹಿಡಿದ ಗಣ್ಯರು, ಅವರ ಹಿಂದೆ ಹೆಲ್ಮೆಟ್‌ಗಳ ಸಾಲು. ಏದುಸಿರು ಬಿಡುತ್ತ ಬೆಟ್ಟ ಹತ್ತುವ ಸವಾರರ ಚಿತ್ರ ಅಪರೂಪ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರಿಗೆ ಕೊರತೆಯೇನೂ ಇಲ್ಲ, ಆದರೆ ಎಲ್ಲರೂ ಫಿನಿಶ್ ಗೆರೆಯನ್ನೇ ಮುತ್ತಿಕೊಳ್ಳುತ್ತಾರೆ. ಹೊಸಬರು ಕಲಿಯುವ ಜಾಗ ಅದಲ್ಲ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರುವ ಗುಂಪು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಕ್ಯಾಮೆರಾ ಕಣ್ಣಿಗೇರಿಸುವಷ್ಟರಲ್ಲಿ ಕಾಣುವುದು ಬೆನ್ನು ಮಾತ್ರ. ಅದೇ ಸವಾರ ಏರಿನಲ್ಲಿ 12 ಕಿ.ಮೀ.ಗೆ ಬಂದರೆ ಸೆಕೆಂಡಿಗೆ ಮೂರು ಮೀಟರ್ ಚಿಲ್ಲರೆ ಅಷ್ಟೇ. ಕೈ ಪಳಗಲು ಬೇಕಾದ ವೇಗ ಇದು. ಒಬ್ಬೊಬ್ಬರನ್ನೇ ಬಿಡುವ ಟೈಮ್ ಟ್ರಯಲ್ ಆದರಂತೂ ಬಹಳ ಅನುಕೂಲ. ಒಂದು ಫೋಟೊ ಕೆಟ್ಟಿತೆನ್ನುವಾಗಲೇ ಮುಂದಿನವರು ಅದೇ ಜಾಗಕ್ಕೆ ಬರುತ್ತಾರೆ.

ಹೊಸಬರು ಎಡವುವುದು ಷಟರ್ ವೇಗದಲ್ಲಿ. ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂಬ ಲೆಕ್ಕ ಅದು. ಅಲುಗಾಟದ ಭಯಕ್ಕೆ 1/2000, ಅಂದರೆ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ, ಇಟ್ಟುಬಿಡುತ್ತಾರೆ. ಫೋಟೊ ಸ್ಪಷ್ಟವಾಗಿ ಬರುತ್ತದೆ, ಆದರೆ ಚಕ್ರದ ಕಡ್ಡಿಗಳನ್ನು ಎಣಿಸಬಹುದು. ಸವಾರ ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತು ಪೋಸು ಕೊಟ್ಟಂತಿರುತ್ತದೆ. ವೇಗ ಕಾಣಬೇಕೆಂದರೆ ಕ್ಯಾಮೆರಾವನ್ನು ಸವಾರರ ಜೊತೆಗೇ ತಿರುಗಿಸುತ್ತ ಕ್ಲಿಕ್ಕಿಸುವ ಪ್ಯಾನಿಂಗ್ ಕಲಿಯಬೇಕು. ಪಾದಗಳು ಕ್ಲಿಕ್ಕಿಸುವ ಜಾಗದ ಕಡೆಗಿರಲಿ. ಸೊಂಟವನ್ನಷ್ಟೇ ಸವಾರ ಬರುವ ದಿಕ್ಕಿಗೆ ತಿರುಗಿಸಿ, ದೂರದಿಂದಲೇ ಹಿಂಬಾಲಿಸಿ, ಎದುರಿಗೆ ಬಂದಾಗ ಒತ್ತಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ, ಅಲ್ಲಿ ನಿಂತರೆ ಚಿತ್ರ ಅಲುಗುತ್ತದೆ. 1/125ರಿಂದ ಶುರು ಮಾಡಿ, ಕೈ ಕುದುರಿದಂತೆ 1/60, ಏರಿನಲ್ಲಿ 1/30ರವರೆಗೂ ಇಳಿಯಬಹುದು. ಹತ್ತರಲ್ಲಿ ಒಂದು ಚೆನ್ನಾಗಿ ಬಂದರೂ ಲಾಭವೇ.

ಎಲ್ಲಿ ತಪ್ಪಿತೆಂದು ಚಕ್ರವೇ ಹೇಳುತ್ತದೆ. ಉರುಳುವ ಚಕ್ರ ನೆಲ ಮುಟ್ಟುವ ಜಾಗ ಆ ಕ್ಷಣಕ್ಕೆ ನಿಂತಿರುತ್ತದೆ, ಮೇಲ್ತುದಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕೆಳಗಿನ ಕಡ್ಡಿಗಳು ಬಿಡಿಬಿಡಿಯಾಗಿ ಕಂಡು ಮೇಲಿನವು ಕಲಸಿಹೋಗಿದ್ದರೆ ನಿಮ್ಮ ಕ್ಯಾಮೆರಾ ನಿಂತಲ್ಲೇ ನಿಂತಿತ್ತು ಎಂದರ್ಥ. ನಡುವಿನ ಹಬ್ ಸ್ಪಷ್ಟವಾಗಿದ್ದು, ಅಂಚು ಸುತ್ತಲೂ ಒಂದೇ ಸಮ ಮಸುಕಾಗಿದ್ದರೆ ನೀವು ಸವಾರರ ವೇಗಕ್ಕೆ ಸರಿಯಾಗಿ ತಿರುಗಿದ್ದೀರಿ.

ಹಿನ್ನೆಲೆಗೆ ನೀಲಗಿರಿ ತೋಪು ಸಿಕ್ಕರೆ ಬಿಡಬೇಡಿ. ನೆಟ್ಟಗಿನ ಕಾಂಡಗಳು ಅಡ್ಡ ಗೆರೆಗಳಾಗಿ ಎಳೆದುಕೊಂಡು ಓಟ ತಾನಾಗಿಯೇ ಕಾಣುತ್ತದೆ. ಬರೀ ಆಕಾಶದ ಮುಂದೆ ಪ್ಯಾನ್ ಮಾಡಿದರೆ ಎಳೆದುಕೊಳ್ಳಲು ಏನೂ ಇರುವುದಿಲ್ಲ. ಬಿಸಿಲೇರಿದ ಮೇಲೆ ಐಎಸ್‌ಒ 100 (ಬೆಳಕಿಗೆ ಸ್ಪಂದಿಸುವ ಮಟ್ಟ), ಎಫ್/16 (ಲೆನ್ಸಿನ ಕಿರಿದಾದ ಕಿಂಡಿ) ಇಟ್ಟರೂ 1/100ರ ಆಸುಪಾಸು ಬೇಕಾಗುವಷ್ಟು ಬೆಳಕಿರುತ್ತದೆ. 1/30ಕ್ಕೆ ಇಳಿಯಲು ಮರದ ನೆರಳನ್ನೋ, ಬೆಳಕನ್ನು ಎರಡು ಸಲ ಅರ್ಧಕ್ಕಿಳಿಸುವ ಎರಡು ಸ್ಟಾಪ್‌ನ ಎನ್‌ಡಿ ಫಿಲ್ಟರನ್ನೋ ಹುಡುಕಬೇಕು. ಫೋಕಸ್ ಸವಾರರನ್ನು ಬಿಡದೆ ಹಿಂಬಾಲಿಸುವ ಎಎಫ್-ಸಿ ಇರಲಿ, ಕ್ಯಾನನ್ ಆದರೆ ಸರ್ವೋ. ಸಿಂಗಲ್‌ನಲ್ಲಿ ಬಿಟ್ಟರೆ ಫೋಕಸ್ ನಿಂತ ಮೇಲೆ ಸವಾರ ಮುಂದೆ ಹೋಗಿರುತ್ತಾನೆ, ಹಿಂದಿನ ಡಾಂಬರು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಮೊಬೈಲ್ ಇದ್ದವರು ರಸ್ತೆಯ ಮೇಲಿನ ಒಂದು ಕಲೆಯನ್ನು ಗುರುತಿಟ್ಟು, ಪರದೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಚಕ್ರ ಅಲ್ಲಿಗೆ ಬರುವ ಮುಂಚಿನಿಂದ ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಬಿಡಲಿ.

ಬೆಟ್ಟದ ಮಂಜಿನದು ಬೇರೆಯೇ ತಕರಾರು. ಬಿಳಿ ಮಂಜನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು ಏರಿಸಬೇಕು. ಎಸಿ ಕಾರಿನಿಂದ ಇಳಿದ ತಕ್ಷಣ ಬ್ಯಾಗ್ ತೆರೆದರೆ ತಣ್ಣಗಿರುವ ಲೆನ್ಸ್ ಮೇಲೆ ತೇವ ಕೂರುತ್ತದೆ, ಕಾಲು ಗಂಟೆ ಮುಚ್ಚಿಟ್ಟೇ ಹೊರಗಿಡಿ. ಆದರೆ ಬ್ಯಾಗ್ ಕೈಗೆಟಕುವಂತಿರಲಿ. ಅಲ್ಲಿನ ಕೋತಿಗಳಿಗೆ ಲೆನ್ಸ್ ಡಬ್ಬಿಗೂ ಬಿಸ್ಕತ್ತು ಪೊಟ್ಟಣಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಎಲ್ಲಿ ನಿಲ್ಲಬೇಕು? ಸವಾರರು ರಸ್ತೆಯ ಎಡಕ್ಕಿರುವುದರಿಂದ, ಸೈಕಲ್ಲಿನ ಚೈನು, ಗೇರು ಕಾಣುವುದು ಅವರ ಬಲಗಡೆ ನಿಂತವರಿಗೆ. ಆ ಬದಿಯಲ್ಲಿ ಎದುರು ವಾಹನ ಬರುವಂತಿದ್ದರೆ ಚೈನಿನ ಆಸೆ ಬಿಟ್ಟು ಎಡಕ್ಕೇ ನಿಲ್ಲಿ. ಅಪಾಯ ಹೆಚ್ಚಿರುವುದು ಸ್ಪರ್ಧೆ ಮುಗಿದ ಮೇಲೆ. ಮೇಲೆ ಹೋದವರೆಲ್ಲ ಅದೇ ರಸ್ತೆಯಲ್ಲಿ ಇಳಿಯಬೇಕು. ಗಂಟೆಗೆ 45 ಕಿ.ಮೀ. ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್, ಬ್ರೇಕ್ ತಪ್ಪಿದರೆ ಸೈಕಲ್ ತಿರುವಿನ ಹೊರಬದಿಗೆ ಜಾರುತ್ತದೆ. ಇಳಿಯುವವರ ಮುಖ ಚೆನ್ನಾಗಿ ಸಿಗುತ್ತದೆಂದು ನಮ್ಮ ಹುಡುಗರು ನಿಲ್ಲುವುದೂ ಸರಿಯಾಗಿ ಅಲ್ಲೇ. ಉದ್ದ ಲೆನ್ಸ್‌ನಲ್ಲಿ ಒಂದು ಕಣ್ಣು ಮುಚ್ಚಿ ನೋಡುವವರಿಗೆ ಪಕ್ಕದಿಂದ ಬರುವ ಎರಡನೆಯ ಸೈಕಲ್ ಕಾಣುವುದಿಲ್ಲ. ತಿರುವಿನ ಒಳಬದಿಯಲ್ಲಿ, ಡಾಂಬರಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ, ಕ್ಯಾಮೆರಾದ ಪಟ್ಟಿ ನೇತಾಡದಂತೆ ಕೈಗೆ ಸುತ್ತಿಕೊಂಡು ನಿಲ್ಲಬೇಕು. ಫ್ಲ್ಯಾಶ್ ಬೇಡವೇ ಬೇಡ.

ಆಯೋಜಕರು ಏರಿನ ಒಂದೆರಡು ತಿರುವುಗಳ ಒಳಬದಿಗೆ ಹಗ್ಗ ಕಟ್ಟಿ ಫೋಟೊ ತೆಗೆಯುವವರಿಗೆ ಜಾಗ ಬಿಡಲಿ. ಸವಾರರ ಸಂಖ್ಯೆಯನ್ನು ಬೆನ್ನಿಗಷ್ಟೇ ಅಲ್ಲದೆ ಹ್ಯಾಂಡಲ್ ಮುಂದೆಯೂ ಹಾಕಿಸಿದರೆ ಚಿತ್ರದಲ್ಲಿರುವವರು ಯಾರೆಂದು ಆಮೇಲೆ ಹುಡುಕಾಡುವುದು ತಪ್ಪುತ್ತದೆ. ತಾವೂ ಸ್ಪರ್ಧೆಯ ಹಿಂದಿನ ದಿನ ಮಾರ್ಗದ ಸುದ್ದಿ ಹಾಕುವಾಗ, ಸವಾರರು ಎಷ್ಟು ಹೊತ್ತಿಗೆ ಹತ್ತುತ್ತಾರೆ, ಎಷ್ಟು ಹೊತ್ತಿಗೆ ಇಳಿಯುತ್ತಾರೆ ಎಂಬ ಎರಡು ಸಾಲು ಸೇರಿಸಬೇಕೆಂದು ವಿನಂತಿ.

– ಓದುಗ, ಚಿಕ್ಕಬಳ್ಳಾಪುರ