ವಿಷಾದದ ನಾಲ್ಕು ಸಾಲು

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ಪತ್ರಿಕೆ, ಟಿವಿ ಎಲ್ಲವೂ ಮಾರಿಕೊಂಡಿವೆ, ಸುದ್ದಿ ನೋಡುವುದನ್ನೇ ಬಿಟ್ಟಿದ್ದೇನೆ ಎಂದು ಬರೆದಿದ್ದೀಯೆ. ಮೂವತ್ತು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕಣ್ಣು ಸವೆಸಿದವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಿನ್ನ ಅನುಮಾನದಲ್ಲಿ ಹುರುಳಿದೆ.

ಒಂದು ರಾತ್ರಿ ಪುಟ ಮುದ್ರಣಕ್ಕೆ ಹೋಗಲು ಹತ್ತು ನಿಮಿಷವಿತ್ತು. ‘ಸಚಿವರಿಂದ ಲಂಚ ಸ್ವೀಕಾರ: ಆರೋಪ’ ಎಂಬ ತಲೆಬರಹ ಎರಡು ಕಾಲಂಗೆ ಹಿಡಿಸುತ್ತಿರಲಿಲ್ಲ. ಕೊನೆಯ ಪದವನ್ನು ನಾನೇ ಹೊಡೆದುಹಾಕಿದೆ. ಬೆಳಗಾಗುವಷ್ಟರಲ್ಲಿ ಆತ ಲಂಚಕೋರ! ಮೂರನೆಯ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ವಿಷಾದ ಪ್ರಕಟವಾಯಿತು. ಆತನ ಬೆಂಬಲಿಗರು ಪಿತೂರಿ ಎಂದರು. ಪಿತೂರಿ ಇರಲಿಲ್ಲ, ಜಾಗ ಇರಲಿಲ್ಲ. ಓದುಗನಿಗೆ ಅದು ತಿಳಿಯುವುದಾದರೂ ಹೇಗೆ?

ದೊಡ್ಡವರು ಇನ್ನೂ ದೊಡ್ಡದಾಗಿ ಎಡವಿದ್ದಾರೆ. 2003ರ ಯುದ್ಧಕ್ಕೆ ಮುನ್ನ ಇರಾಕ್ ಬಳಿ ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳಿವೆ ಎಂದು ಬಂದ ಮಾತುಗಳನ್ನು ಸಾಕಷ್ಟು ಕೆದಕದೆ ಮುದ್ರಿಸಿದೆವೆಂದು ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2004ರ ಮೇ ತಿಂಗಳಲ್ಲಿ ತಾನೇ ಒಪ್ಪಿಕೊಂಡಿತು. ಯುದ್ಧ ಶುರುವಾಗಿ ವರ್ಷ ಕಳೆದಿತ್ತು, ಅದು ಬೇರೆ ಮಾತು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡು. ಅಮೆರಿಕದ ಗ್ಯಾಲಪ್ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಂತೆ 1976ರಲ್ಲಿ ಶೇ 72ರಷ್ಟು ಅಮೆರಿಕನ್ನರಿಗೆ ಮಾಧ್ಯಮದ ಮೇಲೆ ನಂಬಿಕೆಯಿತ್ತು. 2024ರಲ್ಲಿ ಅದು ಶೇ 31ಕ್ಕೆ ಇಳಿದಿತ್ತು. ಅದರಲ್ಲೂ ಅಲ್ಲಿನ ಎರಡು ದೊಡ್ಡ ಪಕ್ಷಗಳನ್ನು ನೋಡಿದರೆ, ಡೆಮಾಕ್ರಟರ ಪೈಕಿ ಶೇ 54, ರಿಪಬ್ಲಿಕನ್ನರ ಪೈಕಿ ಶೇ 12. ಮಾಧ್ಯಮ ಒಂದೇ, ನೋಡುವ ಕನ್ನಡಕ ಎರಡು. ನಿನ್ನ ಪಕ್ಷವನ್ನು ಹೊಗಳಿದ ದಿನ ಅದೇ ಪತ್ರಿಕೆಯ ಮೇಲೆ ನಿನಗೆ ಅನುಮಾನ ಬಂದಿತ್ತೇ? ನನಗಂತೂ ಅಂಥ ದಿನ ಬಂದದ್ದು ನೆನಪಿಲ್ಲ.

ಪತ್ರಿಕೆ ಬಿಟ್ಟು ನೀನು ಹಿಡಿದದ್ದೇನು? ‘ಇವರು ತೋರಿಸದ ಸತ್ಯ’ ಎಂದು ನನಗೆ ಕಳಿಸಿದ ವಿಡಿಯೊವನ್ನು ಮೂರು ಸಲ ನೋಡಿದೆ. ದಿನಾಂಕವಿಲ್ಲ, ಊರಿಲ್ಲ, ತೆಗೆದವನ ಹೆಸರಿಲ್ಲ. ಅದು ಸುಳ್ಳೆಂದಾದರೆ ಯಾರ ಬಾಗಿಲು ತಟ್ಟುತ್ತೀಯೆ? ಬೈಯುವುದಕ್ಕಾದರೂ ಒಂದು ವಿಳಾಸ ಬೇಡವೇ?

ಅನುಮಾನ ಬಿಡು ಎನ್ನುತ್ತಿಲ್ಲ, ಅದನ್ನು ಸರಿಯಾಗಿ ದುಡಿಸು. ತಲೆಬರಹ ಬರೆಯುವವನು ಸಾಮಾನ್ಯವಾಗಿ ವರದಿಗಾರನಲ್ಲ, ನನ್ನಂಥ ಡೆಸ್ಕಿನವನು; ಆದ್ದರಿಂದ ಕೊನೆಯ ಸಾಲಿನವರೆಗೂ ಓದು. ‘ಮೂಲಗಳ ಪ್ರಕಾರ’ ಎಂದಿದ್ದರೆ, ಹಾಗೆ ಹೇಳಿದ್ದರಿಂದ ಆ ಮೂಲಕ್ಕೇನು ಲಾಭ ಎಂದು ಕೇಳಿಕೋ. ಆರೋಪ ಹೊತ್ತವನ ಉತ್ತರ ಇದೆಯೇ ಎಂದು ಹುಡುಕು. ನಿನಗೆ ಹಿಡಿಸದ ಇನ್ನೊಂದು ಪತ್ರಿಕೆಯನ್ನೂ ಪಕ್ಕದಲ್ಲಿಟ್ಟುಕೋ. ಹೊಟ್ಟೆ ಉರಿಯುತ್ತದೆ, ಉರಿಯಲಿ.

ಆ ನಾಲ್ಕು ಸಾಲಿನ ತುಣುಕನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿಯುವಂತಾಗಿದೆ, ಜೋಪಾನ. ಓದಿ ಹಿಂದಿರುಗಿಸು.

ಇಂತು,
ನಿನ್ನ ಸೋದರಮಾವ