ನಾಗಾವಿಯ ಆರು ಭಂಡಾರಿಗರಿಗೆ ಒಂದು ಫಲಕ ಬೇಕು

ಮಾನ್ಯ ಸಂಪಾದಕರೇ,

ಸೀಗಿ ಹುಣ್ಣಿಮೆಗೆ ನಾಗಾವಿ ಯಲ್ಲಮ್ಮನ ಜಾತ್ರೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದಿಂದ ಪಲ್ಲಕ್ಕಿ ಹೊರಟಿತೆಂದರೆ ಸುತ್ತಲಿನ ಹಳ್ಳಿಗಳೆಲ್ಲ ಅದರ ಬೆನ್ನು ಹತ್ತುತ್ತವೆ. ಅಮ್ಮನಿಗೆ ಕಾಯಿ ಒಡೆಸಿ, ಬುತ್ತಿ ಬಿಚ್ಚಿ, ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ ಜನ ಮನೆಗೆ ಮರಳುತ್ತಾರೆ. ತಾವು ಊಟಕ್ಕೆ ಕುಳಿತ ನೆಲ ಸಾವಿರ ವರ್ಷದ ಹಿಂದೆ ಹುಡುಗರು ಉಂಡು, ಉಳಿದು, ಓದಿದ ಘಟಿಕಾಸ್ಥಾನದ, ಅಂದರೆ ಆ ಕಾಲದ ದೊಡ್ಡ ವಿದ್ಯಾಶಾಲೆಯ ನೆಲವೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತು?

ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, 1058ರಲ್ಲಿ ಇಲ್ಲಿ ಬರೆಸಿದ ಶಾಸನವೊಂದಿದೆ. ದಂಡನಾಯಕ ಮಧುಸೂದನ ಶಾಲೆಗೆ ಮಾಡಿಕೊಟ್ಟ ಏರ್ಪಾಡು ಅದರಲ್ಲಿದೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು ಬೇರೆ, ಅವರಿಗೆಲ್ಲ ಗುರುಗಳು. ಇಷ್ಟಾದರೆ ಆ ಕಾಲದ ಬೇರೆ ದಾನಶಾಸನಗಳ ಸಾಲಿಗೆ ಇದನ್ನೂ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಅದರಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ ಪ್ರಸ್ತಾಪವೂ ಇದೆ. ಅಂದರೆ ಗ್ರಂಥಪಾಲಕರು. ಗುರುಗಳಿಗೆ ಬಿಟ್ಟಂತೆ ಅವರಿಗೂ ಉಂಬಳಿ ಭೂಮಿ ಬಿಡಲಾಗಿತ್ತು.

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಗೌರವಧನಕ್ಕೆ ದುಡಿದು ಮನೆಗೆ ಬಂದವನು ನಾನು. ಬೀಗ ತೆಗೆಯುವುದು, ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಒಯ್ದವರ ಮನೆಗೆ ಹೋಗಿ ಕೇಳುವುದು ಎಲ್ಲವೂ ಒಬ್ಬನದೇ ಕೆಲಸ. ಹಾಗಾಗಿ ಆರು ಮಂದಿ ಎಂದು ಮೊದಲ ಸಲ ಓದಿದಾಗ, ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಆಮೇಲೆ ಯೋಚಿಸಿದೆ. ಅವರ ಕೈಯಲ್ಲಿದ್ದುದು ತಾಳೆಗರಿಯ ಕಟ್ಟುಗಳು. ಗರಿಗೆ ಹುಳು ಹಿಡಿಯುತ್ತದೆ, ಒಣಗಿದರೆ ಸೀಳುತ್ತದೆ. ಎಣ್ಣೆ ಸವರಬೇಕು, ಮಾಸಿದ ಅಕ್ಷರಗಳಿಗೆ ಮಸಿ ತುಂಬಬೇಕು, ಮುರಿಯುವ ಮುನ್ನ ಇನ್ನೊಂದು ಪ್ರತಿಯನ್ನು ಕಂಟದಿಂದ, ಅಂದರೆ ಮೊನೆಯ ಲೇಖನಿಯಿಂದ ಕೊರೆದಿಡಬೇಕು. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ, ಶ್ರಾವಣದ ತೇವದಲ್ಲಿ ಇದನ್ನು ಮಾಡಲು ಆರು ಜನ ಹೆಚ್ಚೇನಲ್ಲ. ಇಂದು ಆ ಗರಿಗಳಲ್ಲಿ ಒಂದೂ ನಮ್ಮ ಕಣ್ಣ ಮುಂದಿಲ್ಲ. ಉಳಿದಿರುವುದು ಅರವತ್ತು ಕಂಬದ ಗುಡಿ, ಬಾವಿ, ಬಿದ್ದ ಕಲ್ಲುಗಳು ಮತ್ತು ಶಾಸನ.

1928ರಲ್ಲಿ ನಿಜಾಮರ ಪುರಾತತ್ವ ಇಲಾಖೆ ಹೈದರಾಬಾದಿನಿಂದ ನಾಗಾವಿಯ ಶಾಸನಗಳನ್ನು ಪುಸ್ತಕವಾಗಿ ಪ್ರಕಟಿಸಿತು. ಅಂದರೆ ವಿದ್ವಾಂಸರಿಗೆ ಇದು ಗೊತ್ತಾಗಿ ಹೆಚ್ಚುಕಡಿಮೆ ನೂರು ವರ್ಷವಾಯಿತು. ಜಾತ್ರೆಗೆ ಬರುವ ಜನರಿಗೆ ಮಾತ್ರ ಇನ್ನೂ ತಲುಪಿಲ್ಲ. ಬೀದರದಲ್ಲಿ 1472ರ ಮಹಮೂದ್ ಗವಾನ್ ಮದರಸಾ ಸಿಡಿಮದ್ದಿನ ಸ್ಫೋಟದಲ್ಲಿ ಅರ್ಧ ಕುಸಿದಿದೆ. ಆದರೂ ಉಳಿದ ಒಂದು ಮಿನಾರು ದೂರಕ್ಕೆ ಕಾಣುತ್ತದೆ, ಬಣ್ಣದ ಹೆಂಚುಗಳು ಕಣ್ಣು ಸೆಳೆಯುತ್ತವೆ. ಹಾಗಾಗಿ ಬಂದವರು ತಾವಾಗಿಯೇ ಇದೇನೆಂದು ಕೇಳುತ್ತಾರೆ. ನಾಗಾವಿಗೆ ಅಂಥ ಮಿನಾರಿಲ್ಲ. ಇಲ್ಲಿ ಯಾರಾದರೂ ಹೇಳಬೇಕು.

ವೇದಿಕೆ ಸಿಕ್ಕರೆ ಸಾಕು, ಇದನ್ನು ದಕ್ಷಿಣದ ತಕ್ಷಶಿಲೆ ಎಂದು ಕರೆದು ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ನನಗೆ ಆ ಬಿರುದು ಬೇಡ. ಶಾಲೆ ದೊಡ್ಡದೇ, ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅಲ್ಲಿ ವೇದ ಕಲಿತವರ ಅನ್ನಕ್ಕಾಗಿ ಆ ಹೊಲಗಳಲ್ಲಿ ಬೆವರಿದವರ ಮಕ್ಕಳಿಗೆ ಒಳಗೆ ಜಾಗವಿರಲಿಲ್ಲ. ಫಲಕ ಹಾಕುವುದಾದರೆ ಈ ಮಾತೂ ಅದರಲ್ಲಿರಲಿ. ಇಂದು ಅದನ್ನು ಓದುವವರು ಅವರ ಮಕ್ಕಳೇ.

ಈ ವಿಷಯವಾಗಿ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟಿದ್ದೆ. ಅನುದಾನ ಬಂದಾಗ ನೋಡೋಣ ಎಂದರು. ನಾನು ಕೇಳಿದ್ದು ಉತ್ಖನನವಲ್ಲ, ಪ್ರವಾಸಿ ಮಂದಿರವೂ ಅಲ್ಲ. ಒಂದು, ಶಾಸನದ ಸಾರವನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕ. ಅದು ತಗಡಿನದಾದರೆ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಶಹಾಬಾದ್ ಕಲ್ಲು ನಮ್ಮ ಮಗ್ಗುಲಲ್ಲೇ ಸಿಗುವಾಗ ತಗಡೇಕೆ? ಇನ್ನೊಂದು, ಸುತ್ತಲಿನ ಬಿಡಿ ಕಲ್ಲುಗಳ ಪಟ್ಟಿ ಮತ್ತು ಫೋಟೊ. ಕೆತ್ತನೆಯ ಕಲ್ಲು ಬಟ್ಟೆ ಒಗೆಯುವ ಬಂಡೆಯಾದದ್ದನ್ನು, ಬದುವಿಗೆ ಸೇರಿದ್ದನ್ನು ನಮ್ಮ ಸೀಮೆಯಲ್ಲಿ ಯಾರು ನೋಡಿಲ್ಲ? ಇದೇ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಚಪ್ಪಡಿ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ಗುಡಿಯ ಛಾವಣಿ ಕುಸಿದ ಮೇಲಷ್ಟೇ ಅದು ಹೊರಬಂತು. ನಾಗಾವಿಯಲ್ಲೂ ಛಾವಣಿ ಕುಸಿಯುವುದನ್ನು ಕಾಯುವುದು ಬೇಡ.

ಈ ಎರಡು ಕೆಲಸಗಳೂ ಬರುವ ಸೀಗಿ ಹುಣ್ಣಿಮೆಯೊಳಗೆ ಆಗಬಹುದು. ಫಲಕದ ಒಕ್ಕಣೆಯನ್ನು ನಾನು ಬರೆದಿಟ್ಟಿದ್ದೇನೆ. ಶಾಸನ ಬಲ್ಲವರು ತಿದ್ದಿಕೊಡಲಿ. ಪುರಾತತ್ವ ಇಲಾಖೆ ಒಪ್ಪಿಗೆ ಕೊಟ್ಟರೆ ಕಲ್ಲಿನ ಖರ್ಚಿಗೆ ಊರಿನ ನಾವು ಕೆಲವರು ಹಣ ಕೂಡಿಸಲು ಸಿದ್ಧರಿದ್ದೇವೆ.

– ನಿವೃತ್ತ ಗ್ರಂಥಾಲಯ ಮೇಲ್ವಿಚಾರಕ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ